ಉಬ್ಬಸ ಅಡಗಿದ ಮೇಲೆ

ಮಳೆಗಾಲ ಹಿಡಿಯಿತೆಂದರೆ ಮಲೆನಾಡಿನ ಮನೆಗಳ ಗೋಡೆಗೆ ಬೂಸ್ಟು, ಹಸಿ ಸೌದೆಯ ಒಲೆಯಲ್ಲಿ ಹೊಗೆ, ಉಬ್ಬಸವುಳ್ಳವರಿಗೆ ನಿದ್ದೆಯಿಲ್ಲದ ರಾತ್ರಿ. ಉಸಿರು ಸರಾಗವಾದ ಮರುದಿನವೇ ಔಷಧಿ ಗೂಡಿನ ಮೂಲೆ ಸೇರುತ್ತದೆ. ಶ್ವಾಸನಾಳದ ಸ್ನಾಯು ಆಗಾಗ ಬಿಗಿದು ಸಡಿಲುವುದೇ ಉಬ್ಬಸ ಎಂಬ ತಿಳಿವಳಿಕೆ ಇದಕ್ಕೆ ಕಾರಣ. ಅದು ಅರ್ಧ ಸತ್ಯ ಮಾತ್ರ.

ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಲಿ ಮತ್ತು ವಿಲ್ಸನ್ ಎಂಬ ಸಂಶೋಧಕರು ಶ್ವಾಸನಾಳದ ಒಳಪೊರೆಯ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ 1997ರಲ್ಲಿ ಪ್ರಕಟಿಸಿದ ವಿಷಯ ಇಲ್ಲಿ ಮುಖ್ಯ. ಅಸ್ತಮಾ ಇದ್ದವರ ಒಳಪೊರೆಯಲ್ಲಿ ರಕ್ತನಾಳಗಳು ಆರೋಗ್ಯವಂತರಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸಿದ್ದವು. ಅವರದು ತೀವ್ರ ಕಾಯಿಲೆಯೇನಲ್ಲ, ಸೌಮ್ಯ ಅಸ್ತಮಾ. ಅಂದರೆ ಏದುಸಿರು ಕಾಣದ ದಿನಗಳಲ್ಲೂ ಗೋಡೆಯೊಳಗೆ ಬದಲಾವಣೆ ಉಳಿದಿರುತ್ತದೆ.

ಉರಿಯೂತದಲ್ಲಿ ಜೀವಕೋಶಗಳು ಸ್ರವಿಸುವ ವಿ.ಇ.ಜಿ.ಎಫ್. ಎಂಬ ಪ್ರೋಟೀನು ಇದರ ಪ್ರಮುಖ ಪ್ರೇರಕ. ಇದರ ಚರಿತ್ರೆ ಸ್ವಾರಸ್ಯಕರ. 1983ರಲ್ಲಿ ಬೋಸ್ಟನ್ನಿನ ಸೆಂಗರ್, ಡ್ವೊರಾಕ್ ಮೊದಲಾದವರು ಇದನ್ನು ರಕ್ತನಾಳಗಳಿಂದ ದ್ರವ ಸೋರಿಸುವ ವಸ್ತುವೆಂದು ಗುರುತಿಸಿದರು. 1989ರಲ್ಲಿ ಫೆರಾರಾ ಮತ್ತು ಸಂಗಡಿಗರು ರಕ್ತನಾಳ ಬೆಳೆಸುವ ವಸ್ತುವೊಂದನ್ನು ಬೇರ್ಪಡಿಸಿದರು. ಎರಡೂ ಒಂದೇ ಆಗಿತ್ತು! ಹೊಸದಾಗಿ ತೋಡಿದ ಕಾಲುವೆಯ ಹಸಿ ದಂಡೆ ಜಿನುಗುವಂತೆ ಈ ಎಳೆಯ ರಕ್ತನಾಳಗಳೂ ಜಿನುಗುತ್ತವೆ. ಗೋಡೆ ಊದಿಕೊಂಡು ಗಾಳಿಯ ದಾರಿ ಕಿರಿದಾಗುತ್ತದೆ. ಕೊಳವೆಯೊಂದರಲ್ಲಿ ಗಾಳಿ ಸಮವಾಗಿ ಹರಿಯುವಾಗ ಅದರ ವ್ಯಾಸ ಅರ್ಧವಾದರೆ ತಡೆ 16 ಪಟ್ಟಾಗುತ್ತದೆಂಬುದು ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ತಿಳಿದದ್ದೇ. ಊದಿದ ಗೋಡೆಯ ಸುತ್ತ ಸ್ನಾಯು ತುಸುವೇ ಬಿಗಿದರೂ ಸಾಕು.

2004ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಸುಂಡಿಲಿಗಳ ಶ್ವಾಸಕೋಶದಲ್ಲಿ ಈ ಪ್ರೋಟೀನು ಹೆಚ್ಚು ತಯಾರಾಗುವಂತೆ ಮಾಡಿದಾಗ ಅಸ್ತಮಾವನ್ನೇ ಹೋಲುವ ಲಕ್ಷಣಗಳು ತೋರಿದವು. ಹಾಗಾದರೆ ಅದನ್ನು ತಡೆದುಬಿಟ್ಟರಾಯಿತಲ್ಲ? ಅಷ್ಟು ಸುಲಭವಿಲ್ಲ. 2000ದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅದರ ಗ್ರಾಹಕವನ್ನು ತಡೆದ ಇಲಿಗಳ ಶ್ವಾಸಕೋಶದ ಗಾಳಿಗೂಡುಗಳೇ ಶಿಥಿಲಗೊಂಡವು. ಆರೋಗ್ಯವಂತ ಶ್ವಾಸಕೋಶಕ್ಕೂ ಅದು ಬೇಕು.

ಸದ್ಯಕ್ಕೆ ಕೈಗೆ ಸಿಗುವ ಉಪಾಯ ಹಳೆಯದೇ. ಉಸಿರಿನೊಡನೆ ಸೇದುವ ಸ್ಟೀರಾಯ್ಡ್ ಉರಿಯೂತವನ್ನು ತಗ್ಗಿಸಿ ಈ ರಕ್ತನಾಳಗಳನ್ನೂ ಕಡಿಮೆ ಮಾಡಬಲ್ಲದು, ಆದರೆ ನಿಧಾನವಾಗಿ. ತಕ್ಷಣ ಉಸಿರು ಬಿಡಿಸುವ ಔಷಧಿಯ ಕೆಲಸ ಮುಖ್ಯವಾಗಿ ಸ್ನಾಯುವನ್ನು ಸಡಿಲಿಸುವುದು. ಇದೊಂದನ್ನೇ ನೆಚ್ಚುವ ಚಿಕಿತ್ಸೆಯನ್ನು ‘ಗೀನಾ’ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಲ್ಲಿ ಕೈಬಿಟ್ಟಿತು. ಆದ್ದರಿಂದ ವೈದ್ಯರನ್ನು ಕೇಳದೆ ಸ್ಟೀರಾಯ್ಡ್ ನಿಲ್ಲಿಸುವುದು ಅಪಾಯಕರ. ಆ ಹೆಸರಿಗೆ ಹೆದರುವವರು ಹಳ್ಳಿಯಲ್ಲಿ ಬಹಳ. ಸೇದುವ ಔಷಧಿಯ ಪ್ರಮಾಣ ಮಾತ್ರೆಯದಕ್ಕಿಂತ ಎಷ್ಟೋ ಕಡಿಮೆ.

ಹೊಗೆ ಮತ್ತು ಬೂಸ್ಟು ಉಬ್ಬಸವನ್ನು ಕೆರಳಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಗೆ ಚಿಮಣಿ ಇರುವುದು ಹೊಗೆಯನ್ನು ಹೊರಗಟ್ಟಲೆಂದೇ. ಒಳಗೆ ಮಸಿ ಕಟ್ಟಿದರೆ ಹೊಗೆ ಮತ್ತೆ ಅಡುಗೆಮನೆಗೇ ಮರಳುತ್ತದೆ. ಮೊದಲ ಮಳೆಗೆ ಮುನ್ನ ಚಿಮಣಿ ಗುಡಿಸಿ, ಒಣ ಸೌದೆಯನ್ನು ಸೂರಿನಡಿ ಒಟ್ಟಿಕೊಳ್ಳುವುದು ಒಂದು ದಿನದ ಕೆಲಸ.