ಕಾಲುಗಳ ಜಮಾ-ಖರ್ಚು

ಮಕ್ಕಳೇ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಂಜೆ ಲೆಕ್ಕ ತಾಳೆಯಾಗದೆ ಮನೆಗೆ ಹೊರಡುವಂತಿರಲಿಲ್ಲ. ನನ್ನ ಎರಡು ಕಾಲುಗಳ ಲೆಕ್ಕವೇ ತಾಳೆಯಾಗುತ್ತಿಲ್ಲ ಎಂಬುದು ಮಾತ್ರ ನನಗೆ ತಿಳಿದದ್ದು 74ನೇ ವಯಸ್ಸಿನಲ್ಲಿ!

ಕಳೆದ ವರ್ಷ ನನ್ನ ಎಡ ಮೊಣಕಾಲಿನ ಕೀಲು ಬದಲಿಸಿದರು. ಮೂರು ತಿಂಗಳಲ್ಲಿ ನೋವು ಹೋಯಿತು. ಆದರೂ ಕೋಲು ಬಿಡುವ ಧೈರ್ಯ ಬರಲಿಲ್ಲ. ಸಂಜೆ ದೇಸೂರ ಸ್ಟೇಷನ್‌ವರೆಗೆ ಹೋಗಿ ರೈಲು ನೋಡಿಬರುವ ರೂಢಿ ನಿಂತಿತು. "ನಾ ಸರಿಯಾಗೇ ನಡೀತೀನಿ" ಎಂದು ವಾದಿಸುತ್ತಿದ್ದೆ. ಆರನೇ ಇಯತ್ತೆಯ ಮೊಮ್ಮಗಳು ಒಪ್ಪಲಿಲ್ಲ. "ಅಜ್ಜಾ, ನಿನ್ನ ಹೆಜ್ಜಿ ಸಪ್ಪಳ ಕೇಳು. ಒಂದು ಲಗೂನ ಬರ್ತೈತಿ, ಒಂದು ತಡಾ ಆಗಿ ಬರ್ತೈತಿ" ಎಂದಳು.

ಬೆಳಗಾವಿಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರು ನನ್ನ ಎರಡೂ ಕಣಕಾಲುಗಳಿಗೆ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಸೆನ್ಸರ್ ಕಟ್ಟಿ ನಡೆಸಿದರು. ಅದರೊಳಗಿನ ಅಕ್ಸೆಲೆರೋಮೀಟರ್ ವೇಗ ಏರಿಳಿಯುವುದನ್ನು ಅಳೆಯುತ್ತದೆ. ಗೈರೋಸ್ಕೋಪ್ ಕಾಲು ಎಷ್ಟು ಬೇಗ ತಿರುಗಿತೆಂದು ಅಳೆಯುತ್ತದೆ. ನಿಮ್ಮ ಅಪ್ಪನ ಮೊಬೈಲಿನಲ್ಲೂ ಇವು ಇರಬಹುದು. ಹಿಮ್ಮಡಿ ನೆಲಕ್ಕೆ ಬಿದ್ದ ಕ್ಷಣ, ಬೆರಳು ನೆಲ ಬಿಟ್ಟ ಕ್ಷಣ, ಎರಡೂ ಕಂಪ್ಯೂಟರಿನಲ್ಲಿ ದಾಖಲಾದವು.

ಒಂದು ಹಿಮ್ಮಡಿ ನೆಲ ಮುಟ್ಟಿದಾಗಿನಿಂದ ಅದೇ ಹಿಮ್ಮಡಿ ಮತ್ತೆ ಮುಟ್ಟುವವರೆಗೆ ಒಂದು ಸುತ್ತು. ಸಾಮಾನ್ಯ ನಡಿಗೆಯಲ್ಲಿ ಆ ಸುತ್ತಿನ ಸುಮಾರು ನೂರಕ್ಕೆ 60 ಭಾಗ ಪಾದ ನೆಲದ ಮೇಲಿರುತ್ತದೆ, 40 ಭಾಗ ಗಾಳಿಯಲ್ಲಿ. ನನ್ನ ಬಲಗಾಲು 65, ಎಡಗಾಲು 56! ಎಡಗಾಲಿನ ಮೇಲೆ ನಿಲ್ಲಲು ಹೆದರಿ, ಭಾರವನ್ನೆಲ್ಲ ಬಲಗಾಲಿನ ಖಾತೆಗೆ ಬರೆಯುತ್ತಿದ್ದೆ. "ನೋವು ಹೋಗೇದ್ರಿ, ರೂಢಿ ಹೋಗಿಲ್ಲ. ಹಿಂಗ ಬಿಟ್ರ ಬಲ ಮೊಣಕಾಲೂ ದಣೀತದ" ಎಂದರು ಅವರು.

ನಡಿಗೆ ಅಳೆಯುವ ಈ ಆಸೆ ಹೊಸದಲ್ಲ. ಫ್ರಾನ್ಸಿನ ಎತಿಯೆನ್ ಜೂಲ್ ಮಾರೇ ಎಂಬ ವಿಜ್ಞಾನಿ 1870ರ ದಶಕದಲ್ಲೇ ಅಟ್ಟೆಯಲ್ಲಿ ಗಾಳಿಯ ಚೀಲವಿದ್ದ ಬೂಟು ಬಳಸಿದ್ದ. ಹೆಜ್ಜೆ ಒತ್ತಿದಾಗ ಗಾಳಿ ಕೊಳವೆಯಲ್ಲಿ ಹರಿದು, ನಡೆಯುವವನ ಕೈಯಲ್ಲಿದ್ದ ಯಂತ್ರದಲ್ಲಿ ಗೆರೆ ಮೂಡುತ್ತಿತ್ತು.

ಸೆನ್ಸರ್ ಲೆಕ್ಕ ತೋರಿಸಿತೇ ಹೊರತು ನಡೆಸಲಿಲ್ಲ. ಆ ದುಡಿಮೆ ನನ್ನದೇ. ದಿನಾ ಮೇಜು ಹಿಡಿದು ಎಡಗಾಲಿನ ಮೇಲೆ ನಿಂತೆ. ಮೊಮ್ಮಗಳು "ಒಂದ್, ಎರಡ್" ಎಂದು ತಾಳ ಹಾಕಿದಳು. ಆರು ವಾರದ ನಂತರ ಮತ್ತೆ ಅಳೆದಾಗ ಬಲ 61, ಎಡ 59. ಆ ಭಾನುವಾರ ಅವಳ ಕೈ ಹಿಡಿದು, ಕೋಲಿಲ್ಲದೆ, ಸ್ಟೇಷನ್ ತಲುಪಿದೆ. ರೈಲು ಹೋಗಿಬಿಟ್ಟಿತ್ತು. ಇರಲಿ!

ಮಕ್ಕಳೇ, ಈ ವಾರ ಕಣ್ಣು ಮುಚ್ಚಿ ನಿಮ್ಮ ಅಜ್ಜ-ಅಜ್ಜಿಯ ಹೆಜ್ಜೆ ಸಪ್ಪಳ ಕೇಳಿ. ತಾಳ ತಪ್ಪಿದ್ದರೆ ಅವರಿಗೆ ಹೇಳಿ. ಹಿರಿಯರೇ, ಮಕ್ಕಳು ಹೇಳಿದರೆ ನನ್ನ ಹಾಗೆ ವಾದ ಮಾಡಬೇಡಿ. ಒಮ್ಮೆ ಡಾಕ್ಟರಿಗೆ ತೋರಿಸಿ.