ಜ್ಞಾನದಾಸೋಹದ ಮನೆ ಉಳಿಯಲಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಊರುಗಳಲ್ಲಿ ಪ್ರವಚನದ ನಿಮಿತ್ತ ನಾವು ಸಂಚರಿಸುತ್ತ ಬಂದು ಹಲವು ವರ್ಷಗಳಾದವು. ಕಳೆದ ಮಳೆಗಾಲದಲ್ಲಿ ಈ ಭಾಗದ ಒಂದು ಪಟ್ಟಣಕ್ಕೆ ಹೋಗಿದ್ದೆವು. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅಲ್ಲಿ ಕಂಡ ತಪ್ಪು ಆ ಊರೊಂದರದೇ ಅಲ್ಲ; ಅದರಲ್ಲಿ ನಮ್ಮ ಪಾಲೂ ಇದೆ.

ಪ್ರಸಾದವಾದ ಮೇಲೆ ಊರಿನ ಹಿರಿಯರು ಕೆಲವರು ಬಂದು ಕುಳಿತರು. “ಗುರುಗಳೇ, ಹಳೇ ವಾಚನಾಲಯ ಕೆಡವಿ ಅಲ್ಲಿ ಮಳಿಗೆ ಕಟ್ಟಬೇಕಂತ ವಿಚಾರ ನಡದೈತ್ರಿ. ಬಾಡಿಗಿ ಬರತೈತಿ, ಊರಿಗೆ ಅನುಕೂಲ ಆಗತೈತಿ. ಪುಸ್ತಕ ಎಲ್ಲಾ ಮ್ಯಾಲಿನ ಅಂತಸ್ತಿನಾಗ ಇಟ್ಟರಾತು” ಎಂದರು. ಬೇಡವೆನ್ನುವ ಮಾತು ನಾಲಗೆಯ ತುದಿಯವರೆಗೆ ಬಂದು ನಿಂತಿತು. 1970ರ ದಶಕದಲ್ಲಿ, ಮಠದ ಪ್ರಸಾದನಿಲಯದಲ್ಲಿದ್ದು ಓದುವಾಗ, ಸಂಜೆಯ ಹೊತ್ತು ನಾವು ಪತ್ರಿಕೆ, ಪುರಾಣ, ಕಾದಂಬರಿಗಳನ್ನು ಓದಿದ್ದು ಅದೇ ವಾಚನಾಲಯದ ಬೆಂಚಿನ ಮೇಲೆ. ಆದರೆ ಆಮೇಲೆ ಅದರೊಳಗೆ ಕಾಲಿಟ್ಟದ್ದು ಎಂದು? ನಮಗೇ ನೆನಪಾಗಲಿಲ್ಲ. ನಾಚಿಕೆಯಿಂದ ಸುಮ್ಮನಾದೆವು.

ಮರುದಿನ ಬೆಳಿಗ್ಗೆ ಅಲ್ಲಿಗೆ ಹೋದೆವು. ಮಾಳಿಗೆ ಎರಡು ಕಡೆ ಸೋರುತ್ತಿತ್ತು. ಸೋರುವ ಕಡೆ ಬಕೇಟು ಇಟ್ಟು, ಕಪಾಟುಗಳನ್ನು ಎದುರು ಗೋಡೆಗೆ ಸರಿಸಿದ್ದರು. ಆದರೂ ಒಳಗೆ ಕೂಡಲು ಜಾಗವಿರಲಿಲ್ಲ! ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೇ ಬೆಂಚು ತುಂಬಿದ್ದರು. “ಈಗ ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದಲ್ಲ, ಇಲ್ಲಿಗೇಕೆ ಬರುತ್ತೀಯಪ್ಪ?” ಎಂದು ಒಬ್ಬನನ್ನು ಕೇಳಿದೆವು. “ಪುಸ್ತಕ ಸಿಗತಾವ್ರಿ, ಕೂಡೂ ಜಾಗ ಸಿಗಂಗಿಲ್ಲರಿ. ಮನ್ಯಾಗ ಇರೂದು ಒಂದ ಖೋಲಿ” ಎಂದನು.

ವಾಚನಾಲಯವೆಂದರೆ ಏನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ನಾವು ಕೇಳಿಲ್ಲ. ಒಂದು ಆಸನ, ಒಂದು ದೀಪ, ಒಂದಿಷ್ಟು ಮೌನ. ಇವನ್ನು ಕುಲ ಕೇಳದೆ, ಕಾಸು ಕೇಳದೆ ಬಂದವರಿಗೆಲ್ಲ ನೀಡುವ ಮನೆ ಅದು. ಅನ್ನದಾಸೋಹಕ್ಕೆ ಪಂಕ್ತಿಯಿರುವಂತೆ ಜ್ಞಾನದಾಸೋಹಕ್ಕೂ ಪಂಕ್ತಿ ಬೇಕು.

ಹಿರಿಯರಲ್ಲೊಬ್ಬರು ನಮ್ಮನ್ನು ಮತ್ತೆ ಕಂಡು, “ಕಟ್ಟಡ ಅಂದ್ರ ಸ್ಥಾವರ ಅಲ್ಲೇನ್ರಿ? ಶರಣರ ಮಕ್ಕಳು ಸ್ಥಾವರಕ್ಕ್ಯಾಕ ಅಳಬೇಕು?” ಎಂದರು. ಪ್ರಶ್ನೆ ಸಣ್ಣದಲ್ಲ. ಓದುಗರಿಲ್ಲದೆ ಬೀಗ ಹಾಕಿಕೊಂಡು ನಿಂತ ಗ್ರಂಥಾಲಯ ಬರಿಯ ಸ್ಥಾವರವೇ ಸರಿ. ಅದಕ್ಕೆ ಸುಣ್ಣ ಬಳಿದರೂ ಫಲವಿಲ್ಲ. ಆದರೆ ಕೈಯಿಂದ ಕೈಗೆ, ಮನಸ್ಸಿನಿಂದ ಮನಸ್ಸಿಗೆ ಸಂಚರಿಸುವ ಗ್ರಂಥ ಜಂಗಮಸ್ವರೂಪಿ. ಆ ಜಂಗಮಕ್ಕೆ ಮಳೆಯಲ್ಲಿ ನೆರಳು ಕೊಡುವುದು ಸ್ಥಾವರಪೂಜೆಯಲ್ಲ, ಅತಿಥಿಸತ್ಕಾರ.

ನಮ್ಮ ಜಿಲ್ಲೆಗೆ ಈ ಪಾಠ ಹೊಸದಲ್ಲ. ವಚನಗಳ ತಾಡೋಲೆ ಕಟ್ಟುಗಳು ಮನೆ ಮಠಗಳಲ್ಲಿ ಪೂಜೆಗೊಳ್ಳುತ್ತ, ಓದುವವರಿಲ್ಲದೆ ಹುಳಕ್ಕೆ ಆಹಾರವಾಗುತ್ತಿದ್ದ ಕಾಲವೊಂದಿತ್ತು. ವಿಜಾಪುರದಲ್ಲಿ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಅವುಗಳನ್ನು ಹುಡುಕಿ, ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಇದ್ದ ಮನೆಯನ್ನು ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ತಮ್ಮ ಮನೆಯನ್ನು ಕಳೆದುಕೊಂಡು ವಚನಗಳಿಗೆ ಮನೆ ಮಾಡಿಕೊಟ್ಟ ಪುಣ್ಯಾತ್ಮರ ನಾಡಿನಲ್ಲಿ, ಆ ಗ್ರಂಥಗಳಿರುವ ಕಪಾಟನ್ನು ಎಲ್ಲಿಡುವುದೆಂದು ನಾವು ಚಿಂತಿಸುವಂತಾಗಿದೆ. ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಬಾಯಲ್ಲಿದ್ದುದನ್ನು ಪುಸ್ತಕಕ್ಕೆ ತರಲು ಅವರು ಪಟ್ಟ ಶ್ರಮ, ಪುಸ್ತಕದಲ್ಲಿರುವುದು ಮತ್ತೆ ಬಾಯಿಗೆ ಬರಲೆಂದಲ್ಲವೆ?

ಕಳೆದುಕೊಂಡ ಕಥೆಯೂ ನಮ್ಮಲ್ಲಿದೆ. ಆದಿಲಶಾಹಿ ಅರಸರ ಗ್ರಂಥಭಂಡಾರದಲ್ಲಿ ಅಳಿದುಳಿದಿದ್ದ ಹಸ್ತಪ್ರತಿಗಳು ವಿಜಾಪುರದ ಅಸಾರ ಮಹಲಿನಲ್ಲಿದ್ದವು. 19ನೆಯ ಶತಮಾನದ ಮಧ್ಯಭಾಗದಲ್ಲಿ ಅವು ಲಂಡನ್ನಿಗೆ ಹೋದವು. ಮಹಲು ಇಲ್ಲಿಯೇ ಉಳಿಯಿತು, ಗ್ರಂಥಗಳನ್ನು ಓದಬೇಕೆಂದರೆ ಸಮುದ್ರ ದಾಟಬೇಕಾಯಿತು. ಗ್ರಂಥವೂ ಮನೆಯೂ ಒಂದನ್ನೊಂದು ಅಗಲಿದರೆ ಎರಡೂ ಊರಿಗೆ ದೂರವಾಗುತ್ತವೆ.

ಇನ್ನು ವ್ಯವಹಾರದ ಮಾತು. ಡಾ. ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯವನ್ನು ಬೆಳೆಯುವ ಜೀವಕ್ಕೆ ಹೋಲಿಸಿದರು. ಆ ಜೀವಕ್ಕೆ ಆಹಾರ ದೊರೆಯಲೆಂದೇ ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಇದೆ. ಪಟ್ಟಣಗಳಲ್ಲಿ ಮನೆ ತೆರಿಗೆಯೊಡನೆ ಶೇಕಡಾ 6ರಂತೆ ಗ್ರಂಥಾಲಯ ಕರವನ್ನು ವಸೂಲಿ ಮಾಡಲಾಗುತ್ತದೆ. 2,000 ರೂಪಾಯಿ ತೆರಿಗೆ ಕಟ್ಟುವ ಗೃಹಸ್ಥ 120 ರೂಪಾಯಿಗಳನ್ನು ವಾಚನಾಲಯಕ್ಕಾಗಿ ಕೊಟ್ಟಂತಾಯಿತು. ಆದ್ದರಿಂದ ಗ್ರಂಥಾಲಯ ಸರಕಾರ ಕೊಟ್ಟ ಭಿಕ್ಷೆಯಲ್ಲ; ಅದರಲ್ಲಿ ಪ್ರತಿ ಮನೆಯ ಪಾಲಿದೆ. ವಸೂಲಾದ ಕರ ಗ್ರಂಥಾಲಯಕ್ಕೆ ಪೂರ್ತಿ ಸಂದಾಯವಾಗಿದೆಯೇ ಎಂದು ವಿನಯದಿಂದ ಕೇಳುವುದು ಜಗಳವಲ್ಲ, ಕರ್ತವ್ಯ. ಹಳ್ಳಿಗಳ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ‘ಅರಿವು ಕೇಂದ್ರ’ಗಳೆಂಬ ಹೆಸರು ಪಡೆದಿವೆ. ಶರಣರಿಗೆ ಪ್ರಿಯವಾದ ಆ ಹೆಸರಿಗೆ ತಕ್ಕ ನಡೆ ನಮ್ಮದಾಗಬೇಕು.

ಆ ಊರಿನ ಹಿರಿಯರಿಗೆ ನಾವು ಹೇಳಿದ ಮಾತುಗಳನ್ನೇ ಇಲ್ಲಿಯೂ ಹೇಳುತ್ತೇವೆ. ಮೊದಲು ಜಾಗದ ಉತಾರ ತೆಗೆಸಿ ನೋಡಿರಿ. ಯಾರಾದರೂ ಪುಣ್ಯಾತ್ಮರು ದಾನ ಕೊಟ್ಟ ಜಾಗವಾಗಿದ್ದರೆ ದಾನಪತ್ರದ ಷರತ್ತುಗಳನ್ನು ಓದಿರಿ. ಕಟ್ಟಡ ಶಿಥಿಲವಾಗಿದೆ ಎಂಬ ಮಾತನ್ನು ಬಲ್ಲ ಅಭಿಯಂತರರಿಂದ ಬರವಣಿಗೆಯಲ್ಲಿ ಪಡೆಯಿರಿ; ಸೋರುವ ಮಾಳಿಗೆಯೆಲ್ಲ ಬೀಳುವ ಮಾಳಿಗೆಯಲ್ಲ. ಮಳೆಗಾಲಕ್ಕೆ ಮುನ್ನ ಮೇಲಿನ ಕಸ ತೆಗೆದು ನೀರು ಹರಿಯುವ ದಾರಿ ಬಿಡಿಸಿದರೆ ಅರ್ಧ ರೋಗ ವಾಸಿಯಾಗುತ್ತದೆ. ಕೆಡವಲೇಬೇಕಾದ ಸ್ಥಿತಿಯಿದ್ದರೆ, ಮೊದಲು ಪುಸ್ತಕಗಳಿಗೂ ಓದುಗರಿಗೂ ಬೇರೆ ನೆಲೆಯಾಗಲಿ, ಆಮೇಲೆ ಗುದ್ದಲಿ ಬೀಳಲಿ. ಹೊಸ ಕಟ್ಟಡದಲ್ಲಿ ವಾಚನಾಲಯ ನೆಲಮಹಡಿಯಲ್ಲಿಯೇ ಇರಲೆಂದು ಠರಾವಿನಲ್ಲಿ ಬರೆಸಿರಿ. ಮಂಡಿನೋವಿನ ಮುದುಕರೂ ಕೋಲೂರಿ ಬರುವ ಅಂಗವಿಕಲರೂ ಮೆಟ್ಟಿಲೇರಿ ಓದಲಾರರು.

ಎಲ್ಲಕ್ಕೂ ಮಿಗಿಲಾದುದು ಒಂದಿದೆ. ಮನೆಗೊಬ್ಬರಾದರೂ ಸದಸ್ಯರಾಗಿರಿ, ವಾರಕ್ಕೊಮ್ಮೆಯಾದರೂ ಮಕ್ಕಳ ಕೈ ಹಿಡಿದು ಒಳಗೆ ಹೋಗಿರಿ. ಖಾಲಿಯಾದ ಮನೆಯ ಮೇಲೆ ಎಲ್ಲರ ಕಣ್ಣು ಬೀಳುತ್ತದೆ, ಜನ ತುಂಬಿದ ಮನೆಯನ್ನು ಕೆಡವಲು ಯಾರ ಕೈಯೂ ಸುಲಭವಾಗಿ ಏಳದು.

ಆ ಊರಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಹಿರಿಯರು ಕಟ್ಟಡವನ್ನು ಪರೀಕ್ಷಿಸಲು ಒಪ್ಪಿದ್ದಾರೆ. ಯುವಕರು ಮಾಳಿಗೆಯ ಕಸ ತೆಗೆದಿದ್ದಾರೆ. ನಾವು ಅಂದೇ ಸದಸ್ಯತ್ವದ ಅರ್ಜಿ ತುಂಬಿ, ಒಂದು ಪುಸ್ತಕವನ್ನು ಎರವಲು ತಂದಿದ್ದೇವೆ. ಅದನ್ನು ಮರಳಿಸಲು ಹೋದಾಗ ಆ ಬೆಂಚು ಅಲ್ಲಿಯೇ ಇರಲೆಂಬುದು ನಮ್ಮ ಪ್ರಾರ್ಥನೆ.