ತಲೆಗೆ ಹೋಗಿದೆ ಎಂದು ಕೈಬಿಡುವ ಮುನ್ನ

ಕ್ಯಾನ್ಸರ್ ತಲೆಗೆ ಹೋಗಿದೆ ಅಂದರೆ ನಮ್ಮ ಕಡೆಯ ಜನ ಎರಡರಲ್ಲಿ ಒಂದು ಮಾಡುತ್ತಾರೆ. ‘ಇನ್ನೇನೂ ಉಳಿದಿಲ್ಲ, ಬೇಕಾದ್ದು ಉಣ್ಣಿಸಿ’ ಎಂದು ಮನೆಗೆ ಕರೆತರುತ್ತಾರೆ. ಇಲ್ಲವೇ ಹೊಲ ಅಡ ಇಟ್ಟು, ಏನು ಎತ್ತ ಕೇಳದೆ ಇಡೀ ತಲೆಗೆ ಕರೆಂಟ್, ಅಂದರೆ ವಿಕಿರಣ, ಕೊಡಿಸುತ್ತಾರೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದ ನಾನು ಎರಡನ್ನೂ ಕಂಡಿದ್ದೇನೆ. ನಮ್ಮ ಮನೆಯಲ್ಲೂ ಅದೇ ಆಗುವುದರಲ್ಲಿತ್ತು.

ಕೆ.ಆರ್. ಪೇಟೆ ಕಡೆಯ ನಮ್ಮ ದೊಡ್ಡ ಭಾವನವರ ಹಿಮ್ಮಡಿಯಲ್ಲಿ ಕರಿ ಮಚ್ಚೆ ಎದ್ದಿತ್ತು. ಕಬ್ಬಿನ ಕೂಳೆ ಚುಚ್ಚಿದ್ದು ಅಂದುಕೊಂಡರು. ಆಮೇಲೆ ಆಣಿ ಎಂದು ಬ್ಲೇಡಿನಲ್ಲಿ ಹೆರೆಸಿಕೊಂಡರು. ಅದು ಮೆಲನೋಮ ಎಂಬ ಚರ್ಮದ ಕ್ಯಾನ್ಸರ್. ಬಿಳಿಯರಲ್ಲಿ ಇದಕ್ಕೆ ಬಿಸಿಲು ದೊಡ್ಡ ಕಾರಣ. ನಮ್ಮವರಲ್ಲಿ ಅಪರೂಪ; ಬಂದರೆ ಅಂಗಾಲು, ಅಂಗೈ, ಉಗುರಿನಡಿಯಂಥ ಬಿಸಿಲು ತಾಕದ ಜಾಗದಲ್ಲೇ ಹೆಚ್ಚು. ಗಾಯಕ ಬಾಬ್ ಮಾರ್ಲಿಗೆ ಬಂದದ್ದೂ ಕಾಲಿನ ಹೆಬ್ಬೆರಳ ಉಗುರಿನಡಿ. ಮೆದುಳಿಗೂ ಹರಡಿ 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು.

ಭಾವನವರಿಗೆ ಒಂದು ದಿನ ಬಲಗೈಯಲ್ಲಿ ಮುದ್ದೆ ಮುರಿಯಲು ಆಗಲಿಲ್ಲ. ಎಂಆರ್‌ಐಯಲ್ಲಿ ಎಡಮೆದುಳಿನಲ್ಲಿ ಎರಡು ಸಣ್ಣ ಗಂಟು ಕಂಡವು. ಬಾವು ಇಳಿಸುವ ಡೆಕ್ಸಾಮೆಥಸೋನ್ ಕೊಟ್ಟ ಮೇಲೆ ಕೈ ತಕ್ಕಮಟ್ಟಿಗೆ ಆಡಿತು. ಮೊದಲು ಹೋದ ಕಡೆ ಇಡೀ ತಲೆಗೆ ಕರೆಂಟ್ ಎಂದರು. ಮನೆಯವರು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ದಿನ ಇರ್ತಾರೆ?’

ಆ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ವಯಸ್ಸು, ಓಡಾಡುವ ಶಕ್ತಿ, ಗಂಟುಗಳ ಸಂಖ್ಯೆ, ಬೇರೆ ಅಂಗಗಳಿಗೆ ಹಬ್ಬಿದೆಯೇ, ಗಡ್ಡೆಯಲ್ಲಿ ಬಿಆರ್‌ಎಎಫ್ ಎಂಬ ಜೀನಿನ ಬದಲಾವಣೆ ಇದೆಯೇ ಎಂಬುದನ್ನೆಲ್ಲ ಕೂಡಿಸಿ ವೈದ್ಯರು ಲೆಕ್ಕ ಹಾಕುತ್ತಾರೆ. 2017ರಲ್ಲಿ ಪ್ರಕಟವಾದ ಅಂಥ ಲೆಕ್ಕದಲ್ಲಿ ತೀರಾ ಕೆಟ್ಟ ಸ್ಥಿತಿಯವರ ಗುಂಪಿನಲ್ಲಿ ಅರ್ಧ ಜನ ಸುಮಾರು 5 ತಿಂಗಳು ದಾಟಿದ್ದರು. ಒಳ್ಳೆಯ ಸ್ಥಿತಿಯವರ ಗುಂಪಿನಲ್ಲಿ ಅರ್ಧ ಜನ 34 ತಿಂಗಳು ದಾಟಿದ್ದರು. ತಲೆಗೆ ಹೋಯಿತು ಎಂಬ ಒಂದೇ ಮಾತಿನಡಿ ಇಷ್ಟು ಅಂತರವಿದೆ.

ಕರೆಂಟಿನಲ್ಲೂ ಅಂತರವಿದೆ. ಇಡೀ ತಲೆಗಾದರೆ ಸಾಮಾನ್ಯವಾಗಿ 10 ಸಲ, ಎರಡು ವಾರದ ಓಡಾಟ. ಕೂದಲು ಉದುರುತ್ತದೆ, ಸುಸ್ತು ಕಾಡುತ್ತದೆ, ನೆನಪು ಮಂಕಾಗಬಹುದು. ಮೆಲನೋಮ ಆ ಪ್ರಮಾಣಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಗಂಟುಗಳು ಕೆಲವೇ ಇದ್ದು ಸಣ್ಣವಾಗಿದ್ದರೆ ಅವಕ್ಕೇ ಗುರಿಯಿಟ್ಟು ಒಂದೇ ಸಲ ಅಥವಾ ಕೆಲವೇ ಸಲ ಜೋರಾಗಿ ಕೊಡುವ ವಿಧಾನವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಗಾಮಾ ನೈಫ್ ಇದೆ. ಒಂದರಿಂದ ಮೂರು ಗಂಟುಗಳಿಗೆ ಶಸ್ತ್ರಚಿಕಿತ್ಸೆಯೋ ಗುರಿಯ ವಿಕಿರಣವೋ ಆದ ಮೇಲೆ ಇಡೀ ತಲೆಗೂ ಕೊಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ ಎಂದು ಆಸ್ಟ್ರೇಲಿಯದವರ ಮುಂದಾಳತ್ವದ ಅಧ್ಯಯನ 2019ರಲ್ಲಿ ತೋರಿಸಿತು. ಗಂಟು ತುಂಬಾ ಇದ್ದವರ ಮಾತು ಬೇರೆ. ಅವರ ತಲೆನೋವು, ವಾಂತಿ ತಗ್ಗಿಸಲು ಇಡೀ ತಲೆಗೆ ಕೊಡಬೇಕಾಗಬಹುದು.

ಭಾವನವರಿಗೆ ಬೆಂಗಳೂರಿನಲ್ಲಿ ಗುರಿಯ ವಿಕಿರಣವಾಯಿತು. ಗುಣವಾಗಲಿಲ್ಲ. ಆದರೆ ಮತ್ತೊಂದು ಕಬ್ಬಿನ ಕಟಾವು ಮುಗಿಯುವ ತನಕ ತಮ್ಮ ಕೈಯಿಂದಲೇ ಉಂಡರು. ನನ್ನ ಮಟ್ಟಿಗೆ ಅದು ಸಣ್ಣದಲ್ಲ.

ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ ಅವರಿಗೆ 2015ರಲ್ಲಿ ಮೆದುಳಿನಲ್ಲಿ ಮೆಲನೋಮದ ನಾಲ್ಕು ಗಂಟು ಕಂಡಾಗ 90 ವರ್ಷ. ಗುರಿಯ ವಿಕಿರಣದ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ ರೋಗನಿರೋಧಕ ಔಷಧಿ ಕೊಟ್ಟರು. 100 ತುಂಬಿ 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಗಾಲಿನ ಮೆಲನೋಮ ಆ ಔಷಧಿಗೆ ಅಷ್ಟಾಗಿ ಬಗ್ಗುವುದಿಲ್ಲ, ಬೆಲೆಯೂ ರೈತರ ಕೈಗೆ ಎಟಕುವಂಥದ್ದಲ್ಲ. ಬೆಲೆ ಇಳಿಸುವುದು ಸರ್ಕಾರದ ಕೆಲಸ. ಅದನ್ನು ಗಟ್ಟಿಯಾಗಿ ಕೇಳಬೇಕು.

ಅಷ್ಟರಲ್ಲಿ ನಮ್ಮ ಕೈಯಲ್ಲಾಗುವುದೂ ಇದೆ. ಆಶಾ ಕಾರ್ಯಕರ್ತೆಯರು ಬಿಪಿ, ಶುಗರ್ ವಿಚಾರಿಸುವಾಗ ಅಂಗಾಲನ್ನೂ ನೋಡಲಿ. ಬೆಳೆಯುವ ಕರಿ ಮಚ್ಚೆಗೆ ಬ್ಲೇಡ್ ತಾಗಿಸದೆ ಚರ್ಮದ ವೈದ್ಯರಿಗೆ ತೋರಿಸಿ. ತಲೆಗೆ ಹೋಗಿದೆ ಎಂದು ಯಾರಾದರೂ ಹೇಳಿದರೆ ಎಂಆರ್‌ಐ ಸಿ.ಡಿ. ಹಿಡಿದು ವಿಕಿರಣ ತಜ್ಞರ ಮುಂದೆ ಕೂತು ಕೇಳಿ: ಗಂಟು ಎಷ್ಟಿವೆ, ಎಷ್ಟು ದಪ್ಪ, ಗುರಿಯಿಟ್ಟು ಕೊಡಲು ಆಗುತ್ತದೆಯೇ?